‘ಕ್ಯಾಪ್ಟನ್ ಕೂಲ್’ ಹೆಸರಿನ ಚಕ್ಕುಬಂದಿ ಎಲ್ಲಿಂದ ಎಲ್ಲಿಗೆ?

2025ರ ಮೇ ತಿಂಗಳಲ್ಲಿ ಒಂದು ಸುದ್ದಿ ಬಂತು. ಊಬರ್ ಕಂಪನಿ ಜಾಹೀರಾತಿನಲ್ಲಿ ತಮ್ಮ ತಂಡದ ಹೆಸರನ್ನು ತಿರುಚಿ ಗೇಲಿ ಮಾಡಿದೆ ಎಂದು ಐಪಿಎಲ್ ತಂಡವಾದ ಆರ್‌ಸಿಬಿಯವರು (ರಾಯಲ್ ಚಾಲೆಂಜರ್ಸ್ ಬೆಂಗಳೂರು) ದೆಹಲಿ ಹೈಕೋರ್ಟಿಗೆ ಹೋಗಿದ್ದರು. ಅವರಿಗೆ ತಡೆಯಾಜ್ಞೆ ಸಿಗಲಿಲ್ಲ. ಮುಂದಿನ ತಿಂಗಳೇ ಇನ್ನೊಂದು ಸುದ್ದಿ: ‘ಕ್ಯಾಪ್ಟನ್ ಕೂಲ್’ ಎಂಬ ಹೆಸರಿಗೆ ಮಹೇಂದ್ರ ಸಿಂಗ್ ಧೋನಿ ಟ್ರೇಡ್‌ಮಾರ್ಕ್, ಅಂದರೆ ವ್ಯಾಪಾರದ ಗುರುತಿನ ಹಕ್ಕು, ಪಡೆದರಂತೆ.

ಎರಡನ್ನೂ ಒಟ್ಟಿಗೆ ಓದಿದವರಿಗೆ ತಲೆ ಕೆಡುವುದು ಸಹಜ. ಅಭಿಮಾನಿಗಳು ಬಾಯ್ತುಂಬ ಕರೆದ ಅಡ್ಡಹೆಸರು ಒಬ್ಬರ ಸೊತ್ತಾಗಬಹುದಂತೆ. ಕೋಟಿಗಟ್ಟಲೆ ಬೆಲೆಬಾಳುವ ತಂಡದ ಹೆಸರನ್ನು ತಿರುಚಿದರೆ ಮಾತ್ರ ಕೋರ್ಟ್ ತಡೆಯುವುದಿಲ್ಲವಂತೆ. ಹಾಗಾದರೆ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಐಪಿಎಲ್ ಸಮಯಕ್ಕೆ ಕೆಂಪು ಜೆರ್ಸಿ ಮಾರುವವರ ಗತಿ ಏನು? ಮಂಡ್ಯದ ಕಡೆಯ ಊರೊಂದರಲ್ಲಿ ಟೆನಿಸ್ ಬಾಲ್ ಟೂರ್ನಿಗೆ ‘ಪ್ರೀಮಿಯರ್ ಲೀಗ್’ ಅಂತ ಫ್ಲೆಕ್ಸ್ ಕಟ್ಟಿಸಿದ ಹುಡುಗರಿಗೆ ನೋಟಿಸ್ ಬರುತ್ತದಾ? ‘ಮೈಸೂರು ಸ್ಟೈಲ್’ ಯೋಗ ಅಂತ ಬೋರ್ಡ್ ಹಾಕಲು ಯಾರ ಅಪ್ಪಣೆ ಬೇಕು?

ಉತ್ತರ ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತಿರುವ ಒಂದು ಪದದಲ್ಲಿದೆ. ಜಮೀನಿನ ಕ್ರಯಪತ್ರದಲ್ಲಿ ಬರೆಯುತ್ತಾರಲ್ಲ, ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ನಾಲೆ ಅಂತ. ಆ ಚಕ್ಕುಬಂದಿ. ಹೆಸರಿನ ಹಕ್ಕಿಗೂ ಒಂದು ಚಕ್ಕುಬಂದಿ ಇರುತ್ತದೆ. ಸುದ್ದಿಯ ತಲೆಬರಹದಲ್ಲಿ ಅದು ಬರುವುದೇ ಇಲ್ಲ, ಅದಕ್ಕೇ ಗೊಂದಲ.

ಧೋನಿಗೆ ನಿಜಕ್ಕೂ ಸಿಕ್ಕಿದ್ದೇನು?

ಧೋನಿ ಅರ್ಜಿ ಹಾಕಿದ್ದು 2023ರ ಜೂನ್‌ನಲ್ಲಿ. ಬೇರೊಂದು ಕಂಪನಿ ಮೊದಲೇ ಅದೇ ಹೆಸರಿನ ಮೇಲೆ ಕೂತಿತ್ತು. ಹೊಸ ಹೆಸರು ಹಳೆಯದನ್ನು ಹೋಲುತ್ತಿದೆ, ಜನ ಗೊಂದಲಕ್ಕೆ ಬೀಳುತ್ತಾರೆ ಎಂದು ಟ್ರೇಡ್‌ಮಾರ್ಕ್ ನೋಂದಣಿ ಕಚೇರಿ ಆಕ್ಷೇಪ ಎತ್ತಿತು. ಈ ಹೆಸರು ಕೇಳಿದರೆ ಜನಕ್ಕೆ ನೆನಪಾಗುವುದು ಧೋನಿಯೇ ಎಂದು ಅವರ ಕಡೆಯವರು ವಾದಿಸಿದರು. ಕಚೇರಿ ಆ ವಾದ ಒಪ್ಪಿ, 2025ರ ಜೂನ್ 16ರಂದು ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಅರ್ಜಿಯನ್ನು ಪ್ರಕಟಿಸಿತು.

ಪ್ರಕಟಣೆ ಬೇರೆ, ನೋಂದಣಿ ಬೇರೆ. ಸೈಟು ಕೊಳ್ಳುವ ಮುಂಚೆ ವಕೀಲರು ಪತ್ರಿಕೆಯಲ್ಲಿ ಜಾಹೀರು ನೋಟಿಸ್ ಕೊಡುತ್ತಾರೆ. ತಕರಾರು ಇದ್ದವರು ಇಷ್ಟು ದಿನದೊಳಗೆ ತಿಳಿಸಿ ಎನ್ನುತ್ತಾರೆ. ಅದನ್ನು ಓದಿ ಸೈಟು ರಿಜಿಸ್ಟರ್ ಆಗಿಯೇ ಹೋಯಿತು ಎಂದು ಯಾರೂ ಅಂದುಕೊಳ್ಳುವುದಿಲ್ಲ, ಅಲ್ವಾ? ಇಲ್ಲೂ ಹಾಗೆಯೇ. ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಯಾರು ಬೇಕಾದರೂ ತಕರಾರು ಸಲ್ಲಿಸಲು 4 ತಿಂಗಳು ಕಾಲಾವಕಾಶ ಇರುತ್ತದೆ. ಅದು ಕಳೆದು, ತಕರಾರುಗಳು ಇತ್ಯರ್ಥವಾದ ಮೇಲೆಯೇ ನೋಂದಣಿ. ಆ ದಿನ ಬಂದ ಸುದ್ದಿಗಳಲ್ಲಿ ಎಷ್ಟೋ ಕಡೆ ಈ ವ್ಯತ್ಯಾಸವೇ ಮಾಯವಾಗಿತ್ತು.

ಇನ್ನು ಚಕ್ಕುಬಂದಿ. ಟ್ರೇಡ್‌ಮಾರ್ಕ್ ಲೆಕ್ಕದಲ್ಲಿ ಲೋಕದ ಎಲ್ಲ ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ಹಂಚಿದ್ದಾರೆ. ಬಟ್ಟೆ, ಚಪ್ಪಲಿ 25ನೇ ವರ್ಗ. ಆಟದ ಸಾಮಾನು 28. ತರಬೇತಿ, ಕ್ರೀಡೆ, ಮನರಂಜನೆ 41. ಧೋನಿಯ ಈ ಅರ್ಜಿ ಇರುವುದು 41ನೇ ವರ್ಗದಲ್ಲಿ, ಕ್ರೀಡಾ ತರಬೇತಿ ಮತ್ತು ತರಬೇತಿ ಕೇಂದ್ರಗಳಿಗೆ. ನೋಂದಣಿ ಆದರೂ ಅದರ ಜೋರು ನಡೆಯುವುದು ಮುಖ್ಯವಾಗಿ ಆ ಹೊಲದಲ್ಲಿ ಮತ್ತು ಅದಕ್ಕೆ ತಾಗಿಕೊಂಡ ವ್ಯವಹಾರಗಳಲ್ಲಿ. ಮಂಡ್ಯದಲ್ಲಿ ಯಾರಾದರೂ ‘ಕ್ಯಾಪ್ಟನ್ ಕೂಲ್ ಕ್ರಿಕೆಟ್ ಅಕಾಡೆಮಿ’ ತೆರೆದರೆ ಕಷ್ಟ. ಕಾಮೆಂಟರಿ ಹೇಳುವವರು, ಪತ್ರಿಕೆಯವರು, ಹರಟೆ ಕಟ್ಟೆಯವರು ಯಾವ ನಾಯಕನನ್ನಾದರೂ ಹಾಗೆ ಕರೆದರೆ ತೊಂದರೆ ಇಲ್ಲ. ಕಾನೂನು ತಡೆಯುವುದು ವ್ಯಾಪಾರದಲ್ಲಿ ಹೆಸರು ಬಳಸಿ ಗಿರಾಕಿಯನ್ನು ದಾರಿ ತಪ್ಪಿಸುವುದನ್ನು. ಮಾತನ್ನಲ್ಲ.

ಬಿರುದು ಒಬ್ಬರದೋ, ಹಲವರದೋ?

ಧೋನಿ ಪರ ವಾದ ಹೀಗಿದೆ. ಆಟಗಾರನ ದುಡಿಮೆಯ ವರ್ಷಗಳು ಕಡಿಮೆ. ಆಮೇಲೆ ಉಳಿಯುವುದು ಹೆಸರು ಮಾತ್ರ. ಅವರಿಗೆ ಸಂಬಂಧವೇ ಇಲ್ಲದವರು ಆ ಹೆಸರಲ್ಲಿ ಅಕಾಡೆಮಿ ತೆರೆದು ಪೋಷಕರ ಹತ್ತಿರ ಫೀಸು ಕಟ್ಟಿಸಿಕೊಂಡರೆ ಆಟಗಾರನಿಗೂ ನಷ್ಟ, ಪೋಷಕರಿಗೂ ಮೋಸ.

ಎದುರು ವಾದವೂ ಹಗುರವಲ್ಲ. ಆ ಬಿರುದು ಕೊಟ್ಟವರು ಪತ್ರಕರ್ತರು, ಅಭಿಮಾನಿಗಳು. ‘ತಣ್ಣಗಿರುವ ನಾಯಕ’ ಎಂಬುದು ಗುಣ ಹೇಳುವ ಮಾತು. ಶ್ರೀಲಂಕಾದ ಅರ್ಜುನ ರಣತುಂಗ ಅವರನ್ನೂ ಹಾಗೆಯೇ ಕರೆಯುತ್ತಿದ್ದರು. ಗುಣವನ್ನು ಸುಮ್ನೆ ವರ್ಣಿಸುವ ಪದಕ್ಕೆ ಟ್ರೇಡ್‌ಮಾರ್ಕ್ ಕೊಡಬಾರದು ಎಂದು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಹೇಳುತ್ತದೆ. ಬಳಕೆಯಿಂದ ಆ ಪದ ಒಬ್ಬರಿಗೇ ಅಂಟಿಕೊಂಡಿದೆ ಎಂದು ತೋರಿಸಿದರೆ ವಿನಾಯಿತಿ ಇದೆ. ಜಗಳ ಇರುವುದು ಈ ವಿನಾಯಿತಿಯ ಮೇಲೆ.

ಮೈಸೂರಿನವರಿಗೆ ಇದನ್ನು ದಸರಾ ಕುಸ್ತಿಯಲ್ಲಿ ನೋಡಿದರೆ ಬೇಗ ಅರ್ಥವಾಗುತ್ತದೆ. ದೊಡ್ಡಕೆರೆ ಮೈದಾನದ ಪಕ್ಕದ ದೇವರಾಜ ಅರಸು ಕ್ರೀಡಾಂಗಣದಲ್ಲಿ ಗೆದ್ದ ಪೈಲ್ವಾನರಿಗೆ ‘ದಸರಾ ಕಂಠೀರವ’, ‘ದಸರಾ ಕೇಸರಿ’ ಎಂಬ ಬಿರುದು ಸಿಗುತ್ತದೆ. ಈ ಸಲ ಒಬ್ಬರಿಗೆ, ಇನ್ನೊಂದು ಸಲ ಇನ್ನೊಬ್ಬರಿಗೆ. ಅವರಲ್ಲಿ ಯಾರಾದರೂ ಒಬ್ಬರು ‘ದಸರಾ ಕೇಸರಿ’ ಎಂದು ಜಿಮ್ಮಿಗೆ ಟ್ರೇಡ್‌ಮಾರ್ಕ್ ಕೇಳಿದರೆ ನಿಲ್ಲುವುದು ಕಷ್ಟ. ಆ ಬಿರುದು ಕೇಳಿದ ಜನಕ್ಕೆ ಒಬ್ಬ ಪೈಲ್ವಾನ ನೆನಪಾಗುವುದಿಲ್ಲ, ಒಂದು ಸಾಲೇ ನೆನಪಾಗುತ್ತದೆ. ‘ಕ್ಯಾಪ್ಟನ್ ಕೂಲ್’ ಎಂದರೆ ಭಾರತದ ಬಹುಪಾಲು ಜನಕ್ಕೆ ಒಬ್ಬರೇ ನೆನಪಾಗುತ್ತಾರೆ. ನನ್ನ ಅಂದಾಜಿನಲ್ಲಿ ಧೋನಿಯ ಗಟ್ಟಿ ಅಂಶ ಇದೊಂದೇ. ಬಿರುದನ್ನು ಹುಟ್ಟಿಸಿದವರು ಯಾರು ಎಂಬುದು ಕಾನೂನಿಗೆ ಅಷ್ಟು ಮುಖ್ಯವಲ್ಲ.

ಇಂಥ ಹಕ್ಕು ವಿಚಿತ್ರ ಫಲವನ್ನೂ ಕೊಡುತ್ತದೆ. ಅಮೆರಿಕದ ಬಾಸ್ಕೆಟ್‌ಬಾಲ್ ತಂಡ ಲಾಸ್ ಏಂಜಲೀಸ್ ಲೇಕರ್ಸ್ 1987 ಮತ್ತು 1988ರಲ್ಲಿ ಚಾಂಪಿಯನ್ ಆಯಿತು. ಮೂರನೇ ಸಲವೂ ಗೆಲ್ಲುತ್ತೇವೆ ಎಂಬ ಹುಮ್ಮಸ್ಸಿನಲ್ಲಿ ಕೋಚ್ ಪ್ಯಾಟ್ ರೈಲಿ ‘ತ್ರೀ-ಪೀಟ್’ (ಸತತ ಮೂರು ಗೆಲುವು) ಎಂಬ ಪದಕ್ಕೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿದರು. ತಂಡ 1989ರ ಫೈನಲ್‌ನಲ್ಲಿ ಸೋತಿತು, ಹೆಸರಿನ ಹಕ್ಕು ಮಾತ್ರ ಉಳಿಯಿತು. 1993ರಲ್ಲಿ ಶಿಕಾಗೊ ಬುಲ್ಸ್ ಸತತ ಮೂರನೇ ಸಲ ಗೆದ್ದಾಗ ಆ ಪದ ಅಚ್ಚಾದ ಟಿ-ಶರ್ಟ್, ಟೋಪಿಗಳಿಂದ ರೈಲಿಗೆ ರಾಯಧನ ಬಂತು. ಗೆದ್ದವರು ಒಬ್ಬರು, ದುಡ್ಡು ಎಣಿಸಿದವರು ಇನ್ನೊಬ್ಬರು.

ನಮ್ಮಲ್ಲಿ ಇದಕ್ಕೆ ಉಲ್ಟಾ ಪ್ರಕರಣ ಒಂದಿದೆ. ದೆಹಲಿಯ ಪಬ್‌ಗಳ ಬೋರ್ಡಿನಲ್ಲಿ ‘ಬೈ ಗೌತಮ್ ಗಂಭೀರ್’ ಎಂದಿತ್ತು. ಕ್ರಿಕೆಟಿಗ ಗೌತಮ್ ಗಂಭೀರ್ ಕೋರ್ಟಿಗೆ ಹೋದರು. ನೋಡಿದರೆ ಪಬ್ ಮಾಲೀಕರ ಹೆಸರೂ ಗೌತಮ್ ಗಂಭೀರ್! ತಾನು ಕ್ರಿಕೆಟಿಗ ಎಂದು ಅವರು ಎಲ್ಲೂ ಬಿಂಬಿಸಿಕೊಂಡಿಲ್ಲ ಎಂದು ಹೇಳಿ ದೆಹಲಿ ಹೈಕೋರ್ಟ್ 2017ರಲ್ಲಿ ದಾವೆ ವಜಾ ಮಾಡಿತು. ಅಪ್ಪ ಅಮ್ಮ ಇಟ್ಟ ಹೆಸರನ್ನು ಪ್ರಾಮಾಣಿಕವಾಗಿ ಬಳಸುವ ಹಕ್ಕು ಯಾವ ತಾರೆಯ ಮುಂದೆಯೂ ಕರಗುವುದಿಲ್ಲ.

ಆರ್‌ಸಿಬಿಗೆ ತಡೆಯಾಜ್ಞೆ ಸಿಗದಿದ್ದದ್ದೇಕೆ?

ಊಬರ್ ಬೈಕ್ ಸೇವೆಯ ಆ ಜಾಹೀರಾತಿನಲ್ಲಿ ಹೈದರಾಬಾದ್ ತಂಡದ ಟ್ರಾವಿಸ್ ಹೆಡ್ ಸ್ಟೇಡಿಯಂಗೆ ನುಗ್ಗಿ, ಬೋರ್ಡಿನಲ್ಲಿದ್ದ ಬೆಂಗಳೂರು ಹೆಸರಿಗೆ ಮೊದಲು ‘ರಾಯಲಿ ಚಾಲೆಂಜ್ಡ್’ ಎಂದು ಬಣ್ಣದಲ್ಲಿ ಗೀಚುತ್ತಾರೆ. ಇದರಿಂದ ತಮ್ಮ ಟ್ರೇಡ್‌ಮಾರ್ಕಿನ ಮರ್ಯಾದೆ ಹೋಗುತ್ತದೆ ಎಂಬುದು ಆರ್‌ಸಿಬಿ ವಾದ. ಇದು ಕ್ರಿಕೆಟ್ ಸುತ್ತ ಹೆಣೆದ ತಮಾಷೆ, ಈ ಹಂತದಲ್ಲಿ ಕೈಹಾಕುವ ಅಗತ್ಯ ಕಾಣುವುದಿಲ್ಲ ಎಂದು ಕೋರ್ಟ್ ತಡೆಯಾಜ್ಞೆ ನಿರಾಕರಿಸಿತು. ಅದು ಮಧ್ಯಂತರ ಆದೇಶ, ಅಂತಿಮ ತೀರ್ಪಲ್ಲ ಎಂಬುದನ್ನು ಮರೆಯಬಾರದು.

ಕೋರ್ಟ್ ಇಂಥ ನಿಲುವು ತೆಗೆದುಕೊಂಡದ್ದು ಇದೇ ಮೊದಲಲ್ಲ. 2003ರ ವಿಶ್ವಕಪ್ ಸಮಯದಲ್ಲಿ ಫಿಲಿಪ್ಸ್ ಸಾಮಾನು ಕೊಂಡರೆ ವಿಶ್ವಕಪ್ ಟಿಕೆಟ್ ಗೆಲ್ಲಬಹುದು ಎಂಬ ಜಾಹೀರಾತು ಬಂದಿತ್ತು. ಫಿಲಿಪ್ಸ್ ಅಧಿಕೃತ ಪ್ರಾಯೋಜಕ ಅಲ್ಲ. ಐಸಿಸಿಯ ವಾಣಿಜ್ಯ ಸಂಸ್ಥೆ ಕೇಸು ಹಾಕಿತು. ‘ವಿಶ್ವಕಪ್’ ಎಲ್ಲರ ಬಾಯಲ್ಲಿರುವ ಸಾಮಾನ್ಯ ಪದ, ಜಾಹೀರಾತು ನೋಡಿದವರು ಫಿಲಿಪ್ಸ್‌ನ್ನು ಪ್ರಾಯೋಜಕ ಎಂದು ತಪ್ಪು ತಿಳಿಯುವುದಿಲ್ಲ ಎಂಬ ಕಾರಣಕ್ಕೆ ಆಗಲೂ ತಡೆಯಾಜ್ಞೆ ಸಿಗಲಿಲ್ಲ.

ಹಾಗಾಗಿ ಕೋರ್ಟ್ ಮೊದಲು ನೋಡುವುದು ಗಿರಾಕಿ ಮೋಸ ಹೋಗುತ್ತಾನಾ ಎಂದು. ಊಬರ್ ಬೈಕಿಗೆ ಆರ್‌ಸಿಬಿ ಮಾಲೀಕ ಎಂದು ಯಾರೂ ತಿಳಿಯುವುದಿಲ್ಲ. ಆದರೆ ಸಿಂಹದ ಲಾಂಛನ ಹಾಕಿದ ಅಗ್ಗದ ಜೆರ್ಸಿಯನ್ನು ಅಸಲಿ ಎಂದು ತಿಳಿಯುವವರು ಇರುತ್ತಾರೆ.

ಜೆರ್ಸಿ ಅಂಗಡಿ, ಟೂರ್ನಿ ಫ್ಲೆಕ್ಸ್

ಜೆರ್ಸಿ ಮಾರುವವರಿಗೆ ಅಪಾಯ ಇರುವುದು ಇಲ್ಲೇ. ತಂಡದ ಲಾಂಛನ, ಪ್ರಾಯೋಜಕರ ಗುರುತು, ಅಡಿಡಾಸ್‌ನ ಮೂರು ಪಟ್ಟೆ ಇರುವ ನಕಲಿ ಬಟ್ಟೆ ಮಾರುವುದು ಸಿವಿಲ್ ವ್ಯಾಜ್ಯದ ಜೊತೆಗೆ ಕ್ರಿಮಿನಲ್ ಅಪರಾಧವೂ ಹೌದು. ಕಾಯ್ದೆಯಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಸಜೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ವಾರಂಟ್ ಇಲ್ಲದೆ ಮಾಲು ಜಪ್ತಿ ಮಾಡಲು ಬರುವ ಅಧಿಕಾರಿ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಾಗಿರಬಾರದು, ಮತ್ತು ಮೊದಲೇ ಟ್ರೇಡ್‌ಮಾರ್ಕ್ ರಿಜಿಸ್ಟ್ರಾರ್ ಅಭಿಪ್ರಾಯ ಪಡೆದಿರಬೇಕು. ಇದು ಅಂಗಡಿಯವರಿಗೆ ಗೊತ್ತಿದ್ದರೆ ಒಳ್ಳೆಯದು.

ಲಾಂಛನವಿಲ್ಲದ ಬರೀ ಕೆಂಪು ಟಿ-ಶರ್ಟು? ಬಣ್ಣ ಒಂದೇ ಯಾರ ಸೊತ್ತೂ ಆಗುವುದು ಬಹಳ ಕಷ್ಟ. ‘ಈ ಸಲ ಕಪ್ ನಮ್ದೇ’ ಅಂತ ಅಚ್ಚು ಹಾಕಿಸಿದರೆ? ಇದು ಕುತೂಹಲದ ಪ್ರಶ್ನೆ. ಎದೆಯ ಮೇಲೆ ದೊಡ್ಡದಾಗಿ ಬರೆದ ಆ ಮಾತನ್ನು ಜನ ಕೊಳ್ಳುವುದು ಆಸೆಗೆ, ಅಭಿಮಾನಕ್ಕೆ. ಬಟ್ಟೆ ಯಾವ ಕಂಪನಿಯದು ಎಂದು ತಿಳಿಯಲು ಅಲ್ಲ. ಕಂಪನಿಯ ಗುರುತಾಗಿ ಕೆಲಸ ಮಾಡದ ಮಾತಿಗೆ ಟ್ರೇಡ್‌ಮಾರ್ಕ್ ದಕ್ಕುವುದು ಸುಲಭವಲ್ಲ. 2019ರಲ್ಲಿ ಬಾಸ್ಕೆಟ್‌ಬಾಲ್ ತಾರೆ ಲೆಬ್ರಾನ್ ಜೇಮ್ಸ್ ‘ಟಾಕೊ ಟ್ಯೂಸ್ಡೇ’ ಎಂಬ ಮಾತಿಗೆ ಹಾಕಿದ ಅರ್ಜಿಯನ್ನು ಅಮೆರಿಕದ ಕಚೇರಿ ತಿರಸ್ಕರಿಸಿದ್ದು ಇದೇ ತರ್ಕದ ಮೇಲೆ: ಅದು ಎಲ್ಲರೂ ಆಡುವ ಮಾತು.

ಊರಿನ ಟೂರ್ನಿಗಳ ವಿಷಯ ಇನ್ನೂ ಹಗುರ. ‘ಪ್ರೀಮಿಯರ್ ಲೀಗ್’ ಎಂಬುದು ಎಷ್ಟು ಕಡೆ ಬಳಕೆಯಾಗಿದೆ ಎಂದರೆ ಅದಕ್ಕೆ ಊರಿನ ಹೆಸರು ಸೇರಿಸಿದರೆ ಯಾರೂ ಗೊಂದಲಪಡುವುದಿಲ್ಲ. ಐಪಿಎಲ್ ಲಾಂಛನವನ್ನೇ ಎತ್ತಿ ಫ್ಲೆಕ್ಸಿಗೆ ಹಾಕಿ, ಪ್ರವೇಶ ಫೀಸು, ಪ್ರಾಯೋಜಕರ ದುಡ್ಡು ಪಡೆದರೆ ಮಾತ್ರ ಅದು ವ್ಯಾಪಾರದ ಬಳಕೆಗೆ ಹತ್ತಿರವಾಗುತ್ತದೆ. ಬೇಲಿ ದಾಟುವುದು ಅಲ್ಲಿ.

ಹೆಲಿಕಾಪ್ಟರ್ ಶಾಟ್‌ಗೆ ಪೇಟೆಂಟ್ ಇಲ್ಲ

ಧೋನಿ ಸುದ್ದಿ ಬಂದಾಗ, ಅವರ ಹೆಸರಾಂತ ಹೊಡೆತವನ್ನು ನೆನೆದು ‘ಇನ್ನು ಹೆಲಿಕಾಪ್ಟರ್ ಶಾಟ್‌ಗೂ ಪೇಟೆಂಟ್ ಮಾಡಿಸ್ತಾರಾ’ ಎಂಬ ಕುಹಕ ಬರುವುದು ಸಹಜ. ಪೇಟೆಂಟೇ ಬೇರೆ, ಟ್ರೇಡ್‌ಮಾರ್ಕೇ ಬೇರೆ. ಟ್ರೇಡ್‌ಮಾರ್ಕ್ ಗುರುತಿಗೆ. 10 ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋದರೆ ಎಷ್ಟು ಕಾಲವಾದರೂ ಉಳಿಯುತ್ತದೆ. ಪೇಟೆಂಟ್ ಹೊಸ ಆವಿಷ್ಕಾರಕ್ಕೆ. 20 ವರ್ಷ ಆದ ಮೇಲೆ ಅದು ಎಲ್ಲರದು.

ಆಟ ಆಡುವ ವಿಧಾನಕ್ಕೆ ಪೇಟೆಂಟ್ ಇಲ್ಲ ಎಂದು ಭಾರತದ ಪೇಟೆಂಟ್ ಕಾಯ್ದೆಯ 3(ಎಂ) ಸೆಕ್ಷನ್ ನೇರವಾಗಿ ಹೇಳುತ್ತದೆ. ಅಮೆರಿಕದಲ್ಲಿ ಅಷ್ಟು ಬಿಗಿ ಇರಲಿಲ್ಲ. 1997ರಲ್ಲಿ ಅಲ್ಲಿ ಗಾಲ್ಫ್ ಚೆಂಡನ್ನು ಗುಳಿಗೆ ತಳ್ಳುವ ಒಂದು ವಿಧಾನಕ್ಕೇ ಪೇಟೆಂಟ್ ಕೊಟ್ಟಿದ್ದರು. ಆ ದಾರಿ ಹಿಡಿದಿದ್ದರೆ ಏನಾಗುತ್ತಿತ್ತು ಯೋಚಿಸಿ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಡಿಕ್ ಫಾಸ್ಬರಿ ಬೆನ್ನು ಕೆಳಗೆ ಮಾಡಿ ಹಾರಿ 2.24 ಮೀಟರ್ ದಾಟಿ ಚಿನ್ನ ಗೆದ್ದರು. ಈಗ ಹೈಜಂಪ್‌ನವರು ಹಾರುವುದೇ ಹಾಗೆ. 20 ವರ್ಷ ಎಲ್ಲರೂ ಅವರಿಗೆ ದುಡ್ಡು ಕಟ್ಟಿ ಹಾರಬೇಕಿತ್ತು ಎಂದರೆ ಅದು ಸ್ಪರ್ಧೆ ಆಗುತ್ತಿರಲಿಲ್ಲ.

ಸಲಕರಣೆಗೆ ಮಾತ್ರ ಪೇಟೆಂಟ್ ಧಾರಾಳ ಸಿಗುತ್ತದೆ. ಬೇಲ್ಸ್ ಎದ್ದ ಕೂಡಲೇ ಮಿನುಗುವ ಎಲ್‌ಇಡಿ ಸ್ಟಂಪ್ ಹುಟ್ಟಿದ್ದು ಆಸ್ಟ್ರೇಲಿಯಾದ ಬ್ರಾಂಟೆ ಎಕರ್ಮನ್ ಅವರ ತಲೆಯಲ್ಲಿ. ಐಸಿಸಿ 2013ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಇಂಥ ಪೇಟೆಂಟ್ ಕಾಯುವುದು ಬೇಲ್ಸ್ ಎದ್ದದ್ದನ್ನು ಗುರುತಿಸಿ ದೀಪ ಹೊತ್ತಿಸುವ ಆ ಏರ್ಪಾಡನ್ನು. ಮೂರು ಕೋಲು ನೆಡುವುದನ್ನಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಪೇಟೆಂಟ್ ಎಂದರೆ ‘ನನಗೆ ಮಾತ್ರ’. ಸ್ಪರ್ಧೆ ಎಂದರೆ ‘ಎಲ್ಲರಿಗೂ ಒಂದೇ ನೆಲ’. ಇವೆರಡು ಡಿಕ್ಕಿ ಹೊಡೆದದ್ದು ನೈಕಿ ಶೂ ವಿಷಯದಲ್ಲಿ. ದಪ್ಪ ಫೋಮ್, ಒಳಗೆ ಕಾರ್ಬನ್ ತಟ್ಟೆ ಇದ್ದ ಆ ಶೂಗಳು ಮ್ಯಾರಥಾನ್ ದಾಖಲೆಗಳನ್ನು ಪುಡಿಗಟ್ಟಿದವು. 2020ರ ಜನವರಿಯಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಶೂ ಅಟ್ಟೆಯ ದಪ್ಪ 40 ಮಿಲಿಮೀಟರ್ ಮೀರಬಾರದು, ಒಂದಕ್ಕಿಂತ ಜಾಸ್ತಿ ತಟ್ಟೆ ಇರಬಾರದು ಎಂದಿತು. ಸ್ಪರ್ಧೆಗೆ ತರುವ ಶೂ 4 ತಿಂಗಳಾದರೂ ಮಾರುಕಟ್ಟೆಯಲ್ಲಿ ಸಿಕ್ಕಿರಬೇಕು ಎಂದೂ ಹೇಳಿತು. ಪೇಟೆಂಟನ್ನು ಅದು ಮುಟ್ಟಲಿಲ್ಲ, ಮುಟ್ಟಲು ಅಧಿಕಾರವೂ ಇಲ್ಲ. ಆದರೆ ಕಾಸು ಕೊಟ್ಟರೆ ಯಾರಿಗಾದರೂ ಸಿಗುವಂತೆ ಮಾಡಿತು. ಕಾಸಿಲ್ಲದ ಓಟಗಾರನ ಪಾಡು ಆ ನಿಯಮದ ಹೊರಗೇ ಉಳಿಯಿತು, ಅದು ಬೇರೆ ಮಾತು.

ಮೈಸೂರು, ಮಂಡ್ಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಆಟದ ಸಲಕರಣೆಯೊಂದನ್ನು ಮಾಡಿ, ಖುಷಿಯಲ್ಲಿ ಮೊದಲು ವಿಡಿಯೊ ಹಾಕಿ ಆಮೇಲೆ ಪೇಟೆಂಟ್ ಅರ್ಜಿ ಹಾಕಿದರೆ, ‘ಇದು ಹೊಸದಲ್ಲ’ ಎಂದು ಅರ್ಜಿ ಬಿದ್ದುಹೋಗಬಹುದು. ಮೊದಲು ತಾತ್ಕಾಲಿಕ ಅರ್ಜಿ ಹಾಕಿದರೆ ಪೂರ್ಣ ವಿವರ ಕೊಡಲು 12 ತಿಂಗಳು ಸಿಗುತ್ತದೆ.

‘ಮೈಸೂರು’ ಯೋಗ: ಬೇಲಿ ಇಲ್ಲದ ಹೊಲ

ಕೇಂದ್ರ ಸರ್ಕಾರ 2020ರಲ್ಲಿ ಯೋಗಾಸನವನ್ನು ಸ್ಪರ್ಧಾತ್ಮಕ ಕ್ರೀಡೆ ಎಂದು ಮಾನ್ಯ ಮಾಡಿದ ಮೇಲೆ ಈ ಚರ್ಚೆ ನಮ್ಮ ಮನೆ ಬಾಗಿಲಿಗೇ ಬಂದಿದೆ. ನಾಲ್ವಡಿಯವರ ಕಾಲದಲ್ಲಿ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದರು. ಅವರ ಶಿಷ್ಯ ಕೆ. ಪಟ್ಟಾಭಿ ಜೋಯಿಸರು ಲಕ್ಷ್ಮೀಪುರಂನಲ್ಲಿ, ಆಮೇಲೆ ಗೋಕುಲಂನಲ್ಲಿ ಅಷ್ಟಾಂಗ ಯೋಗ ಕಲಿಸಿದರು. ಒಂದೇ ಕೋಣೆಯಲ್ಲಿ ಒಬ್ಬೊಬ್ಬರೂ ತಮ್ಮ ಉಸಿರಿನ ಲೆಕ್ಕಕ್ಕೆ ಅಭ್ಯಾಸ ಮಾಡುವುದು, ಗುರು ಒಬ್ಬೊಬ್ಬರನ್ನೇ ತಿದ್ದುವುದು. ಈ ಪದ್ಧತಿಯನ್ನೇ ಜಗತ್ತು ‘ಮೈಸೂರು ಸ್ಟೈಲ್’ ಎನ್ನುತ್ತದೆ.

ಇದಕ್ಕೆ ಯಾವ ರಕ್ಷಣೆ ಇದೆ? ಒಂದೊಂದಾಗಿ ನೋಡೋಣ. ಪೇಟೆಂಟ್ ಆಗುವುದಿಲ್ಲ, ಪಾರಂಪರಿಕ ಜ್ಞಾನಕ್ಕೆ ಪೇಟೆಂಟ್ ಕೊಡಬಾರದು ಎಂದು ಕಾಯ್ದೆಯೇ ಹೇಳುತ್ತದೆ. ಹೊರದೇಶದವರು ತಮ್ಮದೆಂದು ಹೇಳಿಕೊಳ್ಳಬಾರದು ಎಂದೇ ಭಾರತ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಮಾಡಿ, ನೂರಾರು ಆಸನಗಳನ್ನೂ ಅದರಲ್ಲಿ ದಾಖಲಿಸಿದೆ. ಕಾಪಿರೈಟ್ ಕೂಡ ಆಗುವುದಿಲ್ಲ. ಬಿಸಿ ಕೋಣೆಯಲ್ಲಿ ಮಾಡಿಸುವ 26 ಆಸನಗಳ ತನ್ನ ಸರಣಿ ತನಗೇ ಸೇರಿದ್ದು ಎಂದು ಬಿಕ್ರಮ್ ಚೌಧರಿ ಅಮೆರಿಕದಲ್ಲಿ ಹೋರಾಡಿದರು. ಅದು ಆರೋಗ್ಯಕ್ಕಾಗಿ ಇರುವ ವಿಧಾನ, ಅದನ್ನು ವಿವರಿಸುವ ಪುಸ್ತಕಕ್ಕೆ ಕಾಪಿರೈಟ್ ಉಂಟು, ಸರಣಿಗೆ ಇಲ್ಲ ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ತೀರ್ಪು ಕೊಟ್ಟಿತು.

ಉಳಿದದ್ದು ಭೌಗೋಳಿಕ ಗುರುತು, ಅಂದರೆ ಜಿಐ: ಒಂದು ಊರಿನ ವಿಶೇಷ ಸರಕಿಗೆ ಆ ಊರಿನ ಹೆಸರಿನ ರಕ್ಷಣೆ. ಮೈಸೂರು ರೇಷ್ಮೆಗೆ ಜಿಐ ಇದೆ. ಮಲ್ಲಿಗೆಗೆ, ವೀಳ್ಯದೆಲೆಗೆ, ನಂಜನಗೂಡು ರಸಬಾಳೆಗೆ ಇದೆ. ಆಟಕ್ಕೆ ಸಂಬಂಧಪಟ್ಟದ್ದೇ ಬೇಕೆಂದರೆ ಮೈಸೂರಿನ ಗಂಜೀಫಾ ಎಲೆಗಳಿಗೂ ಇದೆ. ಯೋಗಕ್ಕೆ ಮಾತ್ರ ಆಗುವುದಿಲ್ಲ. ಕಾರಣ ಸರಳ. ನಮ್ಮ ಜಿಐ ಕಾಯ್ದೆ ಸರಕುಗಳಿಗೆ ಮಾತ್ರ, ಸೇವೆಗಳಿಗಲ್ಲ. ಕೋಲ್ಕತ್ತಾದ ಹೋಟೆಲೊಂದು ತನ್ನ ಲೌಂಜಿಗೆ ‘ಡಾರ್ಜಿಲಿಂಗ್’ ಎಂದು ಹೆಸರಿಟ್ಟಾಗ, ಡಾರ್ಜಿಲಿಂಗ್ ಚಹಾದ ಜಿಐ ಇರುವ ಟೀ ಬೋರ್ಡ್ ಹಾಕಿದ ಕೇಸು 2019ರಲ್ಲಿ ಬಿದ್ದುಹೋದದ್ದೂ ಇದೇ ಗೋಡೆಗೆ ಬಡಿದು.

ಇದರ ಪರಿಣಾಮ ಎರಡು ಬಗೆಯದು. ಜಗತ್ತಿನ ಯಾವ ಮೂಲೆಯಲ್ಲೂ ‘ಮೈಸೂರು ಸ್ಟೈಲ್’ ಕಲಿಸುವವರನ್ನು ಮೈಸೂರಿನವರು ತಡೆಯಲಾಗದು. ಹಾಗೆಯೇ ಊರಿನ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಸಿಕೊಂಡು ಗೋಕುಲಂನ ಚಿಕ್ಕ ಯೋಗಶಾಲೆಯವರನ್ನು ಹೆದರಿಸುವುದೂ ಸುಲಭವಲ್ಲ. ಜಾಗದ ಮೂಲ ಹೇಳುವ ಬರೀ ಹೆಸರಿಗೆ ನೋಂದಣಿ ಕೊಡಬಾರದು ಎಂದು ಅದೇ 9ನೇ ಸೆಕ್ಷನ್ ಹೇಳುತ್ತದೆ. ಬೇಲಿ ಇಲ್ಲದ್ದು ಇಲ್ಲಿ ನಷ್ಟಕ್ಕಿಂತ ಲಾಭವೇ ಎಂದು ನನಗನಿಸುತ್ತದೆ. ಹೆಸರು ಊರೂರು ಸುತ್ತಿದ್ದರಿಂದಲೇ ಜನ ವಿಮಾನ ಹತ್ತಿ ಇಲ್ಲಿಗೆ ಬಂದರು.

ಹಳೆ ಗರಡಿಗೆ ಹೊಸ ಬೋರ್ಡ್ ಬಂದರೆ

ಮುಂದಿನ ದಿನಗಳಲ್ಲಿ ಅಕಾಡೆಮಿ, ಜಿಮ್, ಲೀಗ್‌ಗಳ ಹೆಸರಿಗೆ ಅರ್ಜಿಗಳು ಹೆಚ್ಚುತ್ತವೆ. ವಕೀಲರ ನೋಟಿಸುಗಳೂ ಹೆಚ್ಚುತ್ತವೆ. ನೋಟಿಸ್ ಕೋರ್ಟ್ ಆದೇಶವಲ್ಲ. ಆದರೂ ಚಿಕ್ಕವರು ಹೆದರಿ ಬೋರ್ಡ್ ಇಳಿಸಿಬಿಡುತ್ತಾರೆ.

ಹೊಸದಾಗಿ ಶುರು ಮಾಡುವವರಿಗೆ ದಾರಿ ಕಷ್ಟದ್ದಲ್ಲ. ನೋಂದಣಿ ಕಚೇರಿಯ ವೆಬ್‌ಸೈಟಿನಲ್ಲಿ ಹೆಸರು ಹುಡುಕಲು ದುಡ್ಡು ಬೇಡ. ಆನ್‌ಲೈನ್ ಅರ್ಜಿಗೆ ವ್ಯಕ್ತಿಗಳಿಗೆ, ಸಣ್ಣ ಉದ್ದಿಮೆಗಳಿಗೆ ಒಂದು ವರ್ಗಕ್ಕೆ 4,500 ರೂಪಾಯಿ. ಕರ್ನಾಟಕ ಸೇರುವುದು ಚೆನ್ನೈ ಕಚೇರಿಯ ವ್ಯಾಪ್ತಿಗೆ.

ಮೈಸೂರಿನ ಗರಡಿಮನೆಗಳಂಥ ಹಳಬರ ಕಥೆ ಬೇರೆ. ಅವರು ಎಂದೂ ಏನನ್ನೂ ನೋಂದಾಯಿಸಿಕೊಂಡವರಲ್ಲ. ನಾಳೆ ಯಾರೋ ಅದೇ ಹೆಸರಲ್ಲಿ ಹೊಳೆಯುವ ಫಿಟ್ನೆಸ್ ಸೆಂಟರ್ ತೆರೆದು ಟ್ರೇಡ್‌ಮಾರ್ಕ್ ಮಾಡಿಸಿಕೊಂಡರೂ, ಅವರಿಗಿಂತ ಮುಂಚಿನಿಂದ ಸತತವಾಗಿ ಆ ಹೆಸರು ಬಳಸುತ್ತಿದ್ದವರನ್ನು ನಿಲ್ಲಿಸಲಾಗದು. 34ನೇ ಸೆಕ್ಷನ್ ಅವರ ಬೆನ್ನಿಗಿದೆ. ಆದರೆ ‘ನಮ್ಮಜ್ಜನ ಕಾಲದಿಂದ ಇದೆ’ ಎಂಬ ಬಾಯಿಮಾತು ಕೋರ್ಟಿನಲ್ಲಿ ಸಾಲದು. ಹಳೆಯ ಕುಸ್ತಿ ಕರಪತ್ರ, ಗರಡಿಯ ಹೆಸರಿರುವ ರಸೀದಿ, ಕರೆಂಟ್ ಬಿಲ್, ದಸರಾ ಕುಸ್ತಿಗೆ ಜೋಡಿ ಕಟ್ಟಿದ ಪಟ್ಟಿ, ಪತ್ರಿಕೆಯ ತುಣುಕು, ತಾರೀಖು ಇರುವ ಫೋಟೊ. ಅಟ್ಟದ ಮೇಲಿನ ಟ್ರಂಕಿನಲ್ಲಿ ಗೆದ್ದಲು ಹಿಡಿಯುತ್ತಿರುವ ಆ ಕಾಗದಗಳೇ ಅವರ ಪಹಣಿ.